ಹೊರಬಾಗಿಲಿನ ತೆನೆ

ಪಪ್ಪ ತೆನೆ ಕಿತ್ತೆಸೆದದ್ದು ಸಿಟ್ಟಿನಿಂದ ಅಂತ ಇನ್ನು ಬರೆಯಬೇಡ ಅಕ್ಕಾ. ಆಗ ನೀನು ಊರಿನ ಹಾಸ್ಟೆಲಿನಲ್ಲಿದ್ದೆ.

ಸೌದಿಯ ತಾಯಿಫಿನಲ್ಲಿ ಬೇರೆ ಧರ್ಮದ ಹಬ್ಬ ಹೊರಗೆ ಕಾಣುವಂತಿರಲಿಲ್ಲ; ಮೇರಿ ಮಾತೆಗೆ ಹೊಸ ತೆನೆ ಒಪ್ಪಿಸುವ ನಮ್ಮ ಮೊಂತಿ ಹಬ್ಬ ಮನೆಯೊಳಗೇ ಮುಗಿಯಬೇಕಿತ್ತು. ಭತ್ತದ ತೆನೆ ಸಿಗದೆ ಅಮ್ಮ ಪೇಟೆಯಲ್ಲಿ ಮಾರುವ ಕುರಿ ಮೇವಿನಿಂದ ಬಾರ್ಲಿ ತೆನೆ ಆರಿಸಿ, ಹಾಲಿನ ಪೊಟ್ಟಣ ಕತ್ತರಿಸಿ ಮಾಡಿದ ಹೂವಿನ ಜೊತೆ ಮೇರಿ ಮಾತೆಯ ಚಿತ್ರದ ಸುತ್ತ ಕಟ್ಟಿದ್ದಳು. ಮನೆ ಚೆಂದ ಕಾಣಲಿ ಎಂದು ನಾನು ಒಂದು ತೆನೆಯನ್ನು ಹೊರಬಾಗಿಲಿಗೂ ಕಟ್ಟಿದೆ.

ಪಪ್ಪ ಬಂದವರೇ ಅದನ್ನು ಕಿತ್ತೆಸೆದರು. "ಯಾರಾದ್ರೂ ಕಫೀಲ್ ಧಣಿಗೆ ಹೇಳಿದ್ರೆ ಎಂತ ಮಾಡುದು ಮಾರಾಯ? ನಾಳೆಯೇ ವೀಸಾ ರದ್ದು ಮಾಡಿ ಊರಿಗೆ ಕಳಿಸ್ತಾರೆ." ಯಾರಾದರೂ ನೋಡಿದರೇನೋ ಎಂದು ಮೆಟ್ಟಿಲಿನ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಉದುರಿದ ಕಾಳುಗಳನ್ನು ಅವರೇ ಹೆಕ್ಕಿ, ಊರಲ್ಲಿ ಹಬ್ಬಕ್ಕೆ ಹೊಸ ಅಕ್ಕಿಯಿಂದ ಮಾಡುವ ಹಾಗೆ ಅರೆದು ಹಾಲಿಗೆ ಹಾಕಿ, ನಮಗೆ ಕುಡಿಸಿದರು.

ಇವತ್ತು ಮಂಗಳೂರಿನ ಮನೆಯ ಬಾಗಿಲಿಗೆ ನಾನೇ ತೆನೆ ಕಟ್ಟಿದೆ. ಇಲ್ಲಿ ಕೇಳುವವರು ಯಾರೂ ಇಲ್ಲ. ಆದರೂ ಹೊರಡುವಾಗ ಅದನ್ನು ಬಿಚ್ಚಿ ಒಳಗಿಟ್ಟು, ಬಾಗಿಲೆಳೆದುಕೊಂಡು ಹೊರಟೆ.