ರಂಟೆ ಎತ್ತದ ದಿನ

ಗುಡ್ಡದ ದಾರಿಯನ್ನು ಹಾಳು ಮಾಡಿದವನು ನಾನು, ಪಾರೂ. ಅಪ್ಪನಲ್ಲ.

ಈ ಒಂದು ಮಾತು ಬರೆಯಲು ನನಗೆ ಐವತ್ತು ವರ್ಷದ ಮೇಲೆ ಹಿಡಿಯಿತು. ಹೆಸರು ಹಿಡಿದು ಕರೆದೆನೆಂದು ಗಾಬರಿಯಾಗಬೇಡ. ಮದುವೆಯಾದಾಗಿನಿಂದ ‘ಏ ಇಕಿನ’ ಎಂದು ಕೂಗಿದ್ದೇ ಹೊರತು ನಿನ್ನ ಹೆಸರು ನನ್ನ ಬಾಯಲ್ಲಿ ಬಂದದ್ದಿಲ್ಲ. ಆದರೆ ಇಂಥ ಮಾತನ್ನು ಹೆಸರಿಲ್ಲದವರ ಮುಂದೆ ಹೇಳಲು ಬರುವುದಿಲ್ಲ.

ಈ ವಹಿ ಮುಂದೆ ಮೊಮ್ಮಕ್ಕಳ ಕೈಗೆ ಸಿಕ್ಕೀತು. ಅವರಿಗೆ ಆ ದಾರಿಯೇ ಗೊತ್ತಿಲ್ಲ, ಹೇಗೆ ಗೊತ್ತಿರಬೇಕು — ಇವತ್ತು ಅಲ್ಲಿ ಕಾಲುವೆ ನೀರು ಹರಿಯುತ್ತದೆ, ಗೋವಿನಜೋಳ ನಿಂತಿದೆ. ಆಗ ನರಗುಂದದ ಅಂಚಿಗೆ ನಮ್ಮದು ಒಣ ಎರೆಹೊಲ. ಹೊಲದ ನಡುವೆ ಒಂದು ಕಾಲುದಾರಿ, ಇಬ್ಬರು ಜೊತೆಯಲ್ಲಿ ನಡೆಯುವಷ್ಟು ಅಗಲ. ಊರ ಹಿತ್ತಿಲುಗಳ ಹಿಂದೆ ಹುಟ್ಟಿ ಗುಡ್ಡದ ಬುಡಕ್ಕೆ ಮುಟ್ಟುತ್ತಿತ್ತು. ಗುಡ್ಡಕ್ಕೆ ಪೇಟೆಯ ಕಡೆಯಿಂದಲೂ ಹೋಗಬಹುದಿತ್ತು, ಆದರೆ ಅಲ್ಲಿ ಅಂಗಡಿ ಕಟ್ಟೆಗಳ ಮೇಲೆ ಕೂತ ಗಂಡಸರೆಲ್ಲರ ಕಣ್ಣು ದಾಟಿ ಹೋಗಬೇಕು. ಹೆಣ್ಣುಮಕ್ಕಳಿಗೆ ಇದ್ದದ್ದು ಇದೊಂದೇ ದಾರಿ.

ಎರೆಮಣ್ಣು ಮಳೆಯಾದರೆ ಕಾಲಿಗೆ ಕಲ್ಲಿನ ಹಾಗೆ ಅಂಟಿಕೊಳ್ಳುತ್ತದೆ, ಹತ್ತು ಹೆಜ್ಜೆ ನಡೆಯಗೊಡುವುದಿಲ್ಲ. ತಲೆಮಾರುಗಟ್ಟಲೆ ತುಳಿದು ತುಳಿದು ಗಟ್ಟಿಯಾದ ದಾರಿಯ ಮೇಲೆ ಮಾತ್ರ ಮಳೆಗಾಲದಲ್ಲೂ ನಡೆಯಬಹುದು. ಅದಕ್ಕೇ ನಮ್ಮಲ್ಲಿ ಒಂದು ರೂಢಿ ಇತ್ತು. ಹೊಲ ಉಳುವಾಗ ರಂಟೆ ದಾರಿಯ ಅಂಚಿಗೆ ಬಂದರೆ ಎತ್ತು ನಿಲ್ಲಿಸಿ, ರಂಟೆಯನ್ನು ಎತ್ತಿ ಹಿಡಿದು ದಾರಿ ದಾಟಿಸಿ, ಆಚೆಗೆ ಮತ್ತೆ ಊರಬೇಕು. ಪ್ರತಿ ಸಾಲಿಗೂ ಹೀಗೆ. ಸಂಜೆಯ ಹೊತ್ತಿಗೆ ರಟ್ಟೆ ಬಿದ್ದುಹೋಗುತ್ತಿದ್ದವು. ಸಣ್ಣವನಿದ್ದಾಗ ನಾನು ಗೊಣಗಿದರೆ ಅಪ್ಪ ಅನ್ನುತ್ತಿದ್ದ, “ತುಳದು ಗಟ್ಟಿ ಮಾಡಿದ ನೆಲಾ ನಮ್ದಲ್ಲಲೇ. ತುಳದವರ್ದು.”

ನಮ್ಮ ಕೂಸು ಹೋದ ವರ್ಷ ನೆನಪಿದೆಯಲ್ಲ — ಇದೆಂಥ ಪ್ರಶ್ನೆ, ನಿನಗೆ ನೆನಪಿರದೆ ಯಾರಿಗೆ. ಮೂರು ತಿಂಗಳ ಕೂಸು. ಅದರ ಮೇಲೆ ಆರು ತಿಂಗಳು ನೀನು ಮಾತು ಬಿಟ್ಟೆ. ಕೇಳಿದರೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಅವ್ವ ಹರಕೆ ಹೊತ್ತಳು, ದವಾಖಾನೆಯ ಡಾಕ್ಟರು ಟಾನಿಕ್ಕು ಬರೆದುಕೊಟ್ಟರು. ನಾನು ಗದಗಿನಿಂದ ಇಳಕಲ್ಲ ಸೀರೆ ತಂದೆ. ಅದರ ಮಡಿಕೆಯನ್ನೂ ನೀನು ಬಿಚ್ಚಲಿಲ್ಲ.

ಆಗ ಬಂದವರು ಸುಶೀಲಾ ಅಕ್ಕೋರು. ಹೆಣ್ಣುಮಕ್ಕಳ ಸಾಲಿಗೆ ಹೊಸದಾಗಿ ಬಂದ ಮಾಸ್ತರಿಣಿ, ಕೈಯಲ್ಲಿ ಸದಾ ಒಂದು ಗಂಡಸರ ಕೊಡೆ. ಐತವಾರ ಸಂಜೆ ಓಣಿಯ ಏಳೆಂಟು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಗುಡ್ಡಕ್ಕೆ ಅಡ್ಡಾಡಲು ಹೋಗುತ್ತಿದ್ದರು. ಕೊಡವಿಲ್ಲ, ಬುಟ್ಟಿಯಿಲ್ಲ, ಕುಡಗೋಲಿಲ್ಲ. ಕೆಲಸವಿಲ್ಲದೆ ಬರಿಗೈಲಿ ಹೆಂಗಸರು ಊರ ಹೊರಗೆ ನಡೆಯುವುದನ್ನು ನಮ್ಮೂರು ಅದಕ್ಕೂ ಮೊದಲು ಕಂಡಿರಲಿಲ್ಲ. ಉಗಾದಿ ಮುಗಿದ ವಾರ ಅವರು ನಮ್ಮ ಮನೆಗೆ ಬಂದು ನಿನ್ನನ್ನೂ ಕಳಿಸಿರೆಂದು ಕೇಳಿದರು. ಅವ್ವ ಅನುಮಾನಿಸಿದಳು. ನಾನು ಸುಮ್ಮನೆ ನಿಂತೆ. ಅಪ್ಪನೇ ಹೋಗಿಬರಲಿ ಬಿಡು ಎಂದ. ಇದನ್ನು ನೆನಪಿಟ್ಟುಕೋ ಪಾರೂ, ನಿನ್ನನ್ನು ಕಳಿಸಿದವನು ಅವನು.

ಮೂರನೆಯ ಐತವಾರಕ್ಕೆ ನೀನು ಸೆರಗಿನ ತುಂಬ ಕವಳಿ ಹಣ್ಣು ತಂದೆ. ಮುಂದಿನ ವಾರ ಅವ್ವನ ಜೊತೆ ಮಾತಾಡಿದೆ. ಮತ್ತೊಂದು ವಾರಕ್ಕೆ — ನಾನು ಊಟಕ್ಕೆ ಕೂತಿದ್ದೆ, ನೀನು ರೊಟ್ಟಿ ಹಾಕುತ್ತಿದ್ದೆ — ತಾನಾಗಿ ನಕ್ಕು ಹೇಳಿದೆ, “ನೀವು ಅಂಗಡ್ಯಾಗ ಕುಂತಿದ್ದು ಗುಡ್ಡದ ಮ್ಯಾಲಿಂದ ಕಂಡಿತ್ರಿ. ಇಷ್ಟs ಇಷ್ಟು ಇದ್ರಿ.” ಬೆರಳ ತುದಿಯಲ್ಲಿ ಅಳತೆ ತೋರಿಸಿದೆ.

ನಾನು ನಗಬೇಕಾಗಿತ್ತು. ಆರು ತಿಂಗಳ ಮೇಲೆ ಹೆಂಡತಿ ನಕ್ಕಳೆಂದು ಎದ್ದು ಕುಣಿಯಬೇಕಾಗಿತ್ತು. ನಾನು ತಲೆ ತಗ್ಗಿಸಿ ಇನ್ನೊಂದು ತುತ್ತು ಮುರಿದೆ. ಮರುದಿನ ನಾನು ಕೆಲಸಕ್ಕೆ ಕೂರುತ್ತಿದ್ದ ಕಾಳಿನ ಅಡತಿ ಅಂಗಡಿಯಲ್ಲಿ ಗೆಳೆಯರು, ನಿಮ್ಮ ಮನೆಯ ಗೌರಿ ಗುಡ್ಡ ಏರಿದಳು, ನೀನಿಲ್ಲಿ ಜೋಳದ ಚೀಲ ಹೊಲಿಯುತ್ತ ಕೂತಿದ್ದೀಯಲ್ಲ ಎಂದು ಕಾಲೆಳೆದರು. ಈ ಮಾತಿಗೆ ಸಿಟ್ಟು ಬಂದು ಹಾಗೆ ಮಾಡಿದೆನೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವರು ಚಾಷ್ಟಿ ಮಾಡದಿದ್ದರೂ ನಾನು ಮಾಡುತ್ತಿದ್ದೆ. ನನ್ನ ಕೈಲಾಗದ್ದನ್ನು ಒಂದು ಕಲ್ಲುಗುಡ್ಡ ಮಾಡಿತ್ತು, ಅದು ನನಗೆ ತಡೆಯಲಾಗಲಿಲ್ಲ. ಹೋಗಬೇಡ ಎಂದು ನಿನಗೆ ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ. ಹೇಳಿದ್ದರೆ ಯಾಕೆ ಎಂದು ನೀನು ಕೇಳುತ್ತಿದ್ದೆ.

ಮೃಗಶಿರಾ ಮಳೆ ಬಿದ್ದು ನೆಲ ಹದಕ್ಕೆ ಬಂದಿತ್ತು. ಅಪ್ಪನಿಗೆ ಕಾಲು ಬಾತು ಮನೆ ಬಿಟ್ಟು ಏಳುವಂತಿರಲಿಲ್ಲ. ಶುಕ್ರವಾರ ಮುಂಜಾನೆ ಆಳನ್ನು ಬೇರೆ ಹೊಲಕ್ಕೆ ಕಳಿಸಿ ನಾನೇ ಎತ್ತು ಹೂಡಿಕೊಂಡು ಹೋದೆ. ದಾರಿಯ ಅಂಚಿಗೆ ಬಂದಾಗ ಎತ್ತುಗಳು ತಾವಾಗಿಯೇ ನಿಂತವು. ರೂಢಿಯಲ್ಲವೇ — ನಾನು ರಂಟೆ ಎತ್ತಲೆಂದು ಕಾಯುತ್ತ ನಿಂತವು. ನಾನು ಬಾರುಕೋಲು ಬೀಸಿದೆ. ಬಲಗಡೆಯ ಎತ್ತು ಕತ್ತು ಹೊರಳಿಸಿ ನನ್ನ ಕಡೆ ನೋಡಿತು. ಮತ್ತೆ ಹೊಡೆದೆ. ಮೇಲೆ ಮಳೆ ನೆನೆದಿದ್ದರೂ ಒಳಗೆ ನೆಲ ಬಿಡಲಿಲ್ಲ. ಹಿಡಿಯ ಮೇಲೆ ಮೈಯೆಲ್ಲ ಭಾರ ಹಾಕಿ, ಒಂದೊಂದು ಸಾಲನ್ನು ಎರಡೆರಡು ಸಲ ಹೊಡೆಯಬೇಕಾಯಿತು. ಬಿಸಿಲೇರುವ ಹೊತ್ತಿಗೆ ಹೊಲವೆಲ್ಲ ಒಂದೇ ಕಪ್ಪಾಗಿತ್ತು.

ಶನಿವಾರ ಮತ್ತೆ ಮಳೆ ಸುರಿಯಿತು. ಐತವಾರ ಸಂಜೆ ಮಳೆ ನಿಂತು ಹೊಳವಾಗಿತ್ತು. ನಾನು ಹೊಲದ ಬದುವಿನ ಬನ್ನಿಗಿಡದ ಹಿಂದೆ ನಿಂತಿದ್ದೆ — ಹೌದು, ಅಡಗಿ ನಿಂತಿದ್ದೆ. ಕೊಡೆ ಮುಂದೆ, ನೀವೆಲ್ಲ ಹಿಂದೆ, ಮಾತಾಡುತ್ತ ಬಂದಿರಿ. ಅಂಚಿಗೆ ಬಂದು ನಿಂತಿರಿ. ಉಳಿದವರು ಹಿಂದೆ ತಿರುಗುವ ಹೊತ್ತಿಗೆ ನೀನೊಬ್ಬಳು ಸೀರೆ ಎತ್ತಿ ಕಟ್ಟಿ ಹೊಲದೊಳಗೆ ಇಳಿದೆ. ನಾಲ್ಕು ಹೆಜ್ಜೆ. ಆರು. ಕಾಲಿಗೆ ಮೆತ್ತಿದ ಮಣ್ಣು ಕೈಯಿಂದ ಕಿತ್ತು ಕಿತ್ತು ಒಗೆದು ಮತ್ತೆ ನಡೆದೆ. ಒಂಬತ್ತನೆಯ ಹೆಜ್ಜೆಗೆ ಬಿದ್ದೆ. ಬಿದ್ದಲ್ಲೇ ಗುಡ್ಡದ ಕಡೆ ನೋಡುತ್ತ ಬಹಳ ಹೊತ್ತು ಕೂತಿದ್ದೆ. ಅಕ್ಕೋರು ಅಂಚಿನಿಂದ ಕೊಡೆ ಚಾಚಿದರು, ಅದರ ತುದಿ ಹಿಡಿದು ನೀನು ಹೊರಗೆ ಬಂದೆ. ನಾನು ಗಿಡ ಬಿಟ್ಟು ಈಚೆ ಬರಲಿಲ್ಲ.

ಮರುದಿನ ಸಾಲಿ ಬಿಟ್ಟ ಮೇಲೆ ಅಕ್ಕೋರು ನೇರವಾಗಿ ನಮ್ಮ ಪಡಸಾಲೆಗೆ ಬಂದರು. ಅಪ್ಪ ಕಾಲು ಚಾಚಿ ಕಂಬಕ್ಕೆ ಒರಗಿದ್ದ. ನಾನು ತಲಬಾಗಿಲ ಹತ್ತಿರ. ಅಡಿಗೆಮನೆಯ ಬಾಗಿಲಲ್ಲಿ ನಿನ್ನ ಬಳೆ ಸದ್ದು ಮಾಡಿ ಸುಮ್ಮನಾದವು. ಅವ್ವ ಚಹಾ ತಂದಿಟ್ಟಳು, ಅಕ್ಕೋರು ಮುಟ್ಟಲಿಲ್ಲ.

“ಯಜಮಾನ್ರ, ನಿಮಗ ತಿಳೀದಂಗ ಆಗಿರಬೇಕು ಅಂತ ಕೇಳಾಕ ಬಂದೀನ್ರಿ,” ಎಂದರು. “ಗುಡ್ಡದ ದಾರಿ ಗಳೇ ಹೊಡದವರು ಯಾರು?”

ಅಪ್ಪನಿಗೆ ಅದು ಮೊದಲ ಸುದ್ದಿ. ಹುಬ್ಬು ಮೇಲೇರಿದವು. ಆಮೇಲೆ ನಿಧಾನವಾಗಿ ತಿರುಗಿ ನನ್ನ ಕಡೆ ನೋಡಿದ. ಬಾಯಿ ತೆರೆದೆ. ತೆರೆದದ್ದು ನಿಜ, ಆದರೆ ಏನು ಹೇಳಲು ತೆರೆದೆನೋ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಅಪ್ಪ ಅಕ್ಕೋರ ಕಡೆ ತಿರುಗಿದ.

“ನಾನs ಹೊಡಸೀನ್ರಿ ಅಕ್ಕೋರ. ಹೊಲಾ ನಂದು.”

ಅಕ್ಕೋರು ಎದ್ದರು. ಹಾಗಾದರೆ ಕೇಳುವುದು ಏನೂ ಉಳಿಯಲಿಲ್ಲ ಎಂದು ಮೆಲ್ಲಗೆ ಹೇಳಿ, ಕೊಡೆ ತೆಗೆದುಕೊಂಡು ಹೋದರು. ಅಡಿಗೆಮನೆಯ ಬಾಗಿಲು ಮುಚ್ಚಿಕೊಂಡಿತು.

ಸಂಜೆ ದನಗಳಿಗೆ ಮೇವು ಹಾಕುವಾಗ ಅಪ್ಪ ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಬಂದ. ಬೈಯುತ್ತಾನೆಂದು, ಹೊಡೆಯುತ್ತಾನೆಂದು ಕಾದೆ. ಅವನು ಬಲಗಡೆಯ ಎತ್ತಿನ ಬೆನ್ನ ಮೇಲೆ ಎದ್ದ ಬಾಸುಂಡೆ ಸವರುತ್ತ ನಿಂತ. ಆಮೇಲೆ ನನ್ನ ಮುಖ ನೋಡದೆ ಹೇಳಿದ: “ಆಕಿ ಸಿಟ್ಟು ನನ್ನ ಮ್ಯಾಲೆ ಇರ್ಲಿ. ನಾ ಮುದುಕ, ತಡಕೋತೀನಿ. ನಿನ್ನ ಮ್ಯಾಲೆ ಬಂದ್ರ ನಿಮ್ಮ ಬಾಳೇವು ನಡಿಯಂಗಿಲ್ಲ. ಆದ್ರ ಒಂದ್ ದಿನ ನೀನs ಹೇಳ್ಬೇಕು.”

ನಾನು ತಲೆಯಾಡಿಸಿದೆ. ಒಂದು ದಿನ ಎಂದರೆ ನಾಳೆ ಎಂದುಕೊಂಡೆ. ನಾಳೆಗೆ ಧೈರ್ಯ ಬರಲಿಲ್ಲ, ದೀಪಾವಳಿ ಆಗಲಿ ಎಂದುಕೊಂಡೆ.

ಆ ರಾತ್ರಿಯ ಊಟದಿಂದಲೇ ನೀನು ಅಪ್ಪನಿಗೆ ಬಡಿಸುವುದನ್ನು ಬಿಟ್ಟೆ. ಜಗಳವಿಲ್ಲ, ಒಂದು ಎದುರು ಮಾತಿಲ್ಲ. ರೊಟ್ಟಿ ನೀನೇ ಬಡಿಯುತ್ತಿದ್ದೆ, ಪಲ್ಯ ನೀನೇ ಮಾಡುತ್ತಿದ್ದೆ, ಅಪ್ಪನ ಊಟದ ಗಂಗಾಳ ಮಾತ್ರ ಅವ್ವನ ಕೈಲಿ ಹೋಗುತ್ತಿತ್ತು. ನನಗೆ ನೀನೇ ಬಡಿಸುತ್ತಿದ್ದೆ. ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುತ್ತಿದ್ದೆ. ಅಪ್ಪ ಪಕ್ಕದಲ್ಲೇ ತಲೆ ಬಗ್ಗಿಸಿ ಉಣ್ಣುತ್ತಿದ್ದ, ನಾನೂ ಉಣ್ಣುತ್ತಿದ್ದೆ. ನಾಲ್ಕು ವರ್ಷ ಹೀಗೆ ಉಂಡೆ.

ಮುಂದಿನ ಮುಂಗಾರಿಗೆ ದಾರಿಯ ಪಟ್ಟಿಯನ್ನು ಹಾಗೇ ಬಿಟ್ಟೆ, ಬೀಜ ಊರಲಿಲ್ಲ. ಆದರೆ ಅಕ್ಕೋರಿಗೆ ಅಷ್ಟರಲ್ಲಿ ರೋಣಕ್ಕೆ ವರ್ಗವಾಗಿತ್ತು. ಕರೆದುಕೊಂಡು ಹೋಗುವವರಿಲ್ಲ, ನಡೆಯುವವರಿಲ್ಲ. ಹುಲ್ಲು ಬೆಳೆಯಿತು. ನೀನಂತೂ ಹಿತ್ತಿಲ ಬಾಗಿಲಿಗೆ ಹೋದರೂ ಗುಡ್ಡಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಮಾತು ಪೂರ್ತಿ ಬಿಡಲಿಲ್ಲ, ನಿಜ. ಮಕ್ಕಳಾದರು, ಮನೆ ತುಂಬಿತು. ಆದರೆ ಬೆರಳ ತುದಿಯಲ್ಲಿ ನನ್ನ ಅಳತೆ ತೋರಿಸಿ ನಕ್ಕೆಯಲ್ಲ, ಆ ನಗೆಯನ್ನು ನಾನು ಮತ್ತೆ ನೋಡಲಿಲ್ಲ.

ಅಪ್ಪನ ಕೊನೆಯ ದಿನ ಅವನು ನೀರು ಕೇಳಿದ. ಅವ್ವ ಹಿತ್ತಿಲಲ್ಲಿದ್ದಳು. ನೀನು ತಂಬಿಗೆ ತಂದು ಹೊಸ್ತಿಲವರೆಗೆ ಬಂದೆ, ನಿಂತೆ, ನನ್ನ ಕೈಗೆ ಕೊಟ್ಟು ಒಳಗೆ ಹೋದೆ. ಅಪ್ಪ ಬಾಗಿಲನ್ನೇ ನೋಡುತ್ತಿದ್ದ. ಆಮೇಲೆ ನನ್ನನ್ನು ನೋಡಿದ — ಕೇಳಿದ್ದಲ್ಲ, ಬರಿ ನೋಡಿದ. ಆಗಲೂ ಹೇಳಬಹುದಿತ್ತು. ನೀನು ಹತ್ತು ಮಾರು ದೂರದಲ್ಲಿದ್ದೆ. ಒಂದು ಕೂಗು ಸಾಕಾಗಿತ್ತು. ನಾನು ಅವನ ಬಾಯಿಗೆ ನೀರು ಬಿಟ್ಟೆ, ಅಷ್ಟೇ. ಅರ್ಧ ಹೊರಗೆ ಹರಿಯಿತು.

ಪಾಪ ಮಾಡಿದೆ ಎಂದು ಬರೆದರೆ ಹಗುರಾದೀತು. ನಾನು ಮಾಡಿದ್ದು ಹೆಸರಿಟ್ಟು ಹೇಳುತ್ತೇನೆ. ನಿನ್ನಿಂದ ಗುಡ್ಡ ಕಸಿದೆ. ಅಕ್ಕೋರ ಮುಂದೆ ಮೂಕನಾದೆ. ಸಾಯುವ ಮುದುಕನಿಗೆ ಸೊಸೆಯ ಕೈಯ ಒಂದು ಗುಟುಕು ನೀರು ತಪ್ಪಿಸಿದೆ. ವಯಸ್ಸು ಇಪ್ಪತ್ತಾರು ಇತ್ತು, ತಿಳಿವಳಿಕೆ ಇರಲಿಲ್ಲ ಎಂದರೆ ಅದೂ ಸುಳ್ಳು. ಎತ್ತಿಗೆ ತಿಳಿದದ್ದು ನನಗೆ ತಿಳಿದಿರಲಿಲ್ಲವೇ.

ನಾಳೆ ಹಿರಿಯರ ಹಬ್ಬ. ಒಳಗೆ ನೀನು ಹೋಳಿಗೆಗೆ ಬೇಳೆ ಆರಿಸುತ್ತಿರುವ ಸದ್ದು ಕೇಳುತ್ತಿದೆ. ಪ್ರತಿ ವರ್ಷ ಎಲ್ಲ ಅಡಿಗೆ ನೀನೇ ಮಾಡುತ್ತೀ, ಅವ್ವನ ಫೋಟೋದ ಮುಂದೆ ನೀನೇ ಎಡೆ ಹಿಡಿಯುತ್ತೀ. ಅಪ್ಪನ ಎಡೆ ಮಾತ್ರ ನಮ್ಮ ಸೊಸೆಯ ಕೈಗೆ ಕೊಟ್ಟು, ಏನೋ ಕೆಲಸದ ನೆಪ ಮಾಡಿ ಒಳಗೆ ಹೋಗುತ್ತೀ. ಮಕ್ಕಳಿಗೆ ಅದು ಕಾಣಿಸಿಯೇ ಇಲ್ಲ. ನನಗೆ ಪ್ರತಿ ವರ್ಷ ಕಾಣುತ್ತದೆ.

ನಿನಗೆ ಓದಲು ಬರುತ್ತದೆ. ಈ ವಹಿಯನ್ನು ನಿನ್ನ ಮುಂದೆ ಇಟ್ಟು ನಾನು ಪೇಟೆಯ ಕಡೆ ಹೊರಟುಬಿಡಬಹುದು. ಮೊದಲು ಹಾಗೇ ಯೋಚಿಸಿದ್ದೆ. ಆದರೆ ಅದು ಮತ್ತೆ ಬನ್ನಿಗಿಡದ ಹಿಂದೆ ನಿಂತ ಹಾಗೆ. ಅದಕ್ಕೇ ಈಗಲೇ, ಬೇಳೆ ನೆನೆಯುವ ಮೊದಲು, ನಿನ್ನ ಎದುರಿಗೆ ನೆಲದ ಮೇಲೆ ಕೂತು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಾನೇ ಓದುತ್ತೇನೆ. ನಡುವೆ ನೀನು ಎದ್ದು ಹೋದರೂ ನಿಲ್ಲಿಸುವುದಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಒಂದೇ ಒಂದು ಮಾತು ಕೇಳುತ್ತೇನೆ. ನಾಳೆ ಅಪ್ಪನ ಎಡೆಯನ್ನು ನಿನ್ನ ಕೈಯಿಂದ ಹಿಡಿ, ಪಾರೂ. ಅದಾದ ಮೇಲೆ ನನಗೆ ಬಡಿಸುವುದು, ಬಿಡುವುದು ನಿನ್ನ ಇಷ್ಟ.