ಮಧ್ಯಾಹ್ನವೂ ಉಳಿಯುವ ಐದು ಕುದುರೆ

ನನಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ಲಿಗೇ ನನ್ನ ಧೈರ್ಯ ಮುಗಿಯುತ್ತದೆ. ಆದರೂ ಒಂದು ಸ್ಪೋರ್ಟ್ಸ್ ಕಾರಿನ ಬಲ ಹೆಚ್ಚಿಸಿದವರಲ್ಲಿ ನಾನೂ ಒಬ್ಬ ಎಂದು ಹೇಳಿಕೊಳ್ಳುವ ಅವಕಾಶವನ್ನು ಎಂದೂ ಬಿಟ್ಟವನಲ್ಲ. ಈಗ ಕೇಳುವ ಸರದಿ ನಿಮ್ಮದು.

ಎಂಬತ್ತರ ದಶಕದ ಮಾತು. ಪೀಣ್ಯದಲ್ಲಿ ಪಂಪ್‌ಸೆಟ್ಟಿನ ಇಂಜಿನ್ ತಯಾರಿಸುವ ಕಾರ್ಖಾನೆಯ ಟೆಸ್ಟಿಂಗ್ ಶೆಡ್ಡು ನನ್ನ ಸುಪರ್ದಿನಲ್ಲಿತ್ತು. ಇಂಜಿನ್ನನ್ನು ಕಟ್ಟೆಗೆ ಬಿಗಿದು, ಓಡಿಸಿ, ನೀರಿನ ಬ್ರೇಕಿನಿಂದ ತಡೆದು, ಎಷ್ಟು ಕುದುರೆಗಳ ಬಲವಿದೆ ಎಂದು ಅಳೆಯುವುದು ನನ್ನ ಕೆಲಸ. ಹಬೆಯಂತ್ರ ಮಾರುವವರು ಹಿಂದೆ ಕುದುರೆಯ ದುಡಿಮೆಗೆ ಹೋಲಿಸಿ ಹುಟ್ಟಿಸಿದ ಲೆಕ್ಕವಂತೆ ಇದು. ಪಾಪ, ಕುದುರೆಯನ್ನು ಯಾರೂ ಕೇಳಿದಂತಿಲ್ಲ.

ನಮ್ಮ ಮಾಲೀಕರ ಸ್ನೇಹಿತ ಮುತ್ತಣ್ಣನವರಿಗೆ ರೇಸಿನ ಹುಚ್ಚು. ಅವರ ಹಳೇ ವಿದೇಶಿ ಸ್ಪೋರ್ಟ್ಸ್ ಕಾರಿನಲ್ಲಿ ಇಂಜಿನ್ನಿನ ಹೊಗೆಯೆಲ್ಲ ಒಂದು ಇಕ್ಕಟ್ಟಾದ ಎರಕದ ಕಬ್ಬಿಣದ ಕೊಳವೆಯಲ್ಲಿ ನುಗ್ಗಬೇಕಿತ್ತು. ಅದರ ಬದಲು ಸಮಾನ ಉದ್ದದ ನಾಲ್ಕು ಪೈಪು ಕೂರಿಸಿ, ಕೆಳಗೆ ಒಂದಾಗಿ ಸೇರಿಸಿದರೆ ಇಂಜಿನ್ ಸಲೀಸಾಗಿ ಉಸಿರು ಬಿಟ್ಟೀತೆಂದು ಅವರ ಆಸೆ. ಮಾಡಿಕೊಟ್ಟವರು ನಮ್ಮ ವೆಲ್ಡರ್ ನಂಜುಂಡಪ್ಪ, ದಾಸರಹಳ್ಳಿಯ ಮೂಲದವರು. ಪೈಪಿಗೆ ಮರಳು ತುಂಬಿ, ಕಾಯಿಸಿ, ಒಂದೂ ಸುಕ್ಕಿಲ್ಲದಂತೆ ಬಗ್ಗಿಸಲು ಅವರಿಗೆ ಎರಡು ವಾರ ಹಿಡಿಯಿತು.

ಕಾರಿನಿಂದ ಇಳಿಸಿದ ಇಂಜಿನ್ನನ್ನು ಹಳೆಯ ಕೊಳವೆಯೊಂದಿಗೆ ಒಂದು ಮಧ್ಯಾಹ್ನ ಅಳೆದಿದ್ದೆ. ಹೊಸ ಪೈಪು ಕೂರಿಸಿ ಮರುದಿನ ಬೆಳಿಗ್ಗೆ ಅಳೆದರೆ ಹತ್ತು ಕುದುರೆ ಹೆಚ್ಚು!

"ಹತ್ತು ಕಣ್ರೀ, ಹತ್ತು!" ಎಂದು ಮುತ್ತಣ್ಣ ನನ್ನನ್ನು ತಬ್ಬಿಕೊಂಡರು. ಸ್ನೇಹಿತರಿಗೆ ಫೋನ್ ಮಾಡಲು ಆಫೀಸಿಗೆ ಓಡಿದರು. ನಾನೂ ಎದೆಯುಬ್ಬಿಸಿ ಶೆಡ್ಡಿನಲ್ಲಿ ಎರಡು ಸುತ್ತು ಹಾಕಿದೆ.

ನಗದೆ ನಿಂತವರು ನಂಜುಂಡಪ್ಪ ಒಬ್ಬರೇ. "ನಿನ್ನೆ ಅಳೆದಿದ್ದು ಮಧ್ಯಾನ ಸಾರ್. ಶೆಡ್ಡಿನ ಮೇಲಿನ ಶೀಟು ಕಾದು ಕೆಂಡ ಆಗಿತ್ತು. ಈಗ ತಣ್ಣಗೈತೆ. ಇಂಗೆ ಅಳೆದ್ರೆ ಮೋಸ ಆಗಲ್ವಾ?"

ನನ್ನ ಕಿವಿ ಬಿಸಿಯಾಯಿತು. ಗಾಳಿ ಕಾದರೆ ಇಂಜಿನ್ನಿನ ಬಲ ಕುಗ್ಗುತ್ತದೆ ಎಂಬ ಪಾಠವನ್ನು ಡಿಪ್ಲೊಮಾದಲ್ಲಿ ಉರು ಹೊಡೆದವನು ನಾನು. ನೆನಪಿಟ್ಟವರು ನಾಲ್ಕನೇ ಕ್ಲಾಸು ಓದಿದವರು.

"ಕಡಿಮೆ ಬಂದ್ರೆ ನಿಮ್ಮ ಪೈಪಿಗೇ ಅವಮಾನ ಅಲ್ವೇನ್ರೀ?" ಎಂದೆ.

"ಇಲ್ದಿರೋದು ನಂಗ್ಯಾಕೆ ಸಾರ್? ಎಷ್ಟೈತೋ ಅಷ್ಟು ಹೇಳಿ."

ಕೈ ಸುಟ್ಟುಕೊಂಡು ಹಳೆಯದನ್ನು ಮತ್ತೆ ಕೂರಿಸಿ ಅಳೆದೆವು, ಕೂಡಲೇ ಹೊಸದನ್ನು ಕೂರಿಸಿ ಅಳೆದೆವು. ಅನುಮಾನ ಉಳಿಯದಿರಲೆಂದು ಇನ್ನೊಮ್ಮೆ. ಎರಡು ಸಲವೂ ವ್ಯತ್ಯಾಸ ಐದೇ.

ಮುತ್ತಣ್ಣನವರ ಮುಖ ಇಳಿಯಿತು. "ಎಲ್ರಿಗೂ ಹತ್ತು ಅಂದ್ಬಿಟ್ಟೆನಲ್ರೀ!"

"ಐದು ಐತಲ್ಲ ಸಾರ್," ಎಂದರು ನಂಜುಂಡಪ್ಪ. "ಇದು ಮಧ್ಯಾನಾನೂ ಇರ್ತೈತೆ."

ಮುತ್ತಣ್ಣ ಗಹಗಹಿಸಿ ನಕ್ಕರು. ಮತ್ತೆ ಆಫೀಸಿಗೆ ಹೋಗಿ, ಹತ್ತು ಎಂದು ಹೇಳಿದವರಿಗೆಲ್ಲ ಐದು ಎಂದು ಹೇಳಿ ಬಂದರು. ಅವರ ದನಿ ಮೊದಲಿಗಿಂತ ಗಟ್ಟಿಯಾಗಿಯೇ ಇತ್ತು.

ನಾನು ಟೆಸ್ಟ್ ಶೀಟು ತುಂಬಿದೆ. ಕೊನೆಯಲ್ಲಿ 'ತಪಾಸಣೆ ಮಾಡಿದವರು' ಎಂಬ ಸಾಲಿತ್ತು. ಪೆನ್ನನ್ನು ನಂಜುಂಡಪ್ಪನವರ ಕೈಗಿತ್ತೆ. ಅವರು ಕೈ ಒರೆಸಿಕೊಂಡು, ಊರಿನ ಹೆಸರೂ ಸೇರಿಸಿ ತಮ್ಮ ಹೆಸರನ್ನು ನಿಧಾನವಾಗಿ ಕನ್ನಡದಲ್ಲಿ ಬರೆದರು. ಆ ಸಾಲಿನಲ್ಲಿ ಅದುವರೆಗೆ ಇಂಜಿನಿಯರುಗಳು ಸಹಿ ಹಾಕಿದ್ದರು. ತಪಾಸಣೆ ಮಾಡಿದವರು ಹಾಕಿದ್ದು ಅದೇ ಮೊದಲು.