ನಿಂಬೆ ಸಸಿಯ ಗಂಟು

ದೇವದುರ್ಗದ ಸಂತೆಯಲ್ಲಿ ನಿಂಬೆ ಸಸಿ ಕೊಂಡೆ. ಕಾಂಡಕ್ಕೆ ಒಣಗಿದ ನೊರೆಯಂಥ ಕಂದು ಗಂಟೊಂದು ಅಂಟಿತ್ತು. ‘ರೋಗದ ಗಿಡ’ ಎಂದು ಜರಿದು ಬೆಲೆ ಇಳಿಸಿದೆ. ಬಸ್ಸು ಚಹಾಕ್ಕೆಂದು ಗಬ್ಬೂರಿನಲ್ಲಿ ನಿಲ್ಲುವಷ್ಟರಲ್ಲಿ ನನ್ನ ಸುಳ್ಳನ್ನು ನಾನೇ ನಂಬಿಬಿಟ್ಟಿದ್ದೆ. ರಾಯಚೂರಿನ ನನ್ನ ಹಿತ್ತಲಲ್ಲಿರುವ ಹಳೆಯ ನಿಂಬೆ ಗಿಡಗಳಿಗೂ ಈ ರೋಗ ಹಬ್ಬಿದರೆ? ಗಂಟನ್ನು ಕೆರೆದು ತೆಗೆಯಲು ಬೀಗದ ಕೈ ಹೊರತೆಗೆದೆ.

“ಯಪ್ಪಾ, ಅದನ್ಯಾಕ ಕೆರ್ಯಾಕತ್ತೀರಿ?” ಪಕ್ಕದಲ್ಲಿ ಕುಳಿತಿದ್ದ ಮುದುಕಿ ನನ್ನ ಕೈ ಹಿಡಿದಳು. “ಕೈ ಮುಗಿಯೋ ಹುಳದ ತತ್ತಿಗೂಡು ಅದು. ಮುಗಿದ ಕೈ ನೋಡಿ ನಂಬಬ್ಯಾಡ್ರಿ, ನೊಣ ಬಂದ್ರ ಅದೇ ಕೈಯಾಗ ಗಬಕ್ಕನ ಹಿಡೀತದ. ಗಿಡಕ್ಕ ಅದೇ ಕಾವಲು.”

ನೋಡುತ್ತಿದ್ದಂತೆಯೇ ಗಂಟಿನಿಂದ ಮರಿಗಳು ಎಳೆ ಹಿಡಿದು ಜೋತುಬಿದ್ದವು. ಇರುವೆಯಷ್ಟು ಮೈ, ಮೂರು ಮೂಲೆಯ ಮುಖ, ಆಗಲೇ ಮಡಿಚಿದ ಮುಂಗಾಲು.

“ಲಗೂನ ಮನಿ ಮುಟ್ಟಿಸ್ರಿ. ಬ್ಯಾರೆ ಬ್ಯಾರೆ ಗಿಡಕ್ಕ ಬಿಡ್ರಿ, ಒಂದೇ ಕಡಿ ಇದ್ರ ಒಂದನ್ನೊಂದು ತಿಂತಾವ.”

ಸಸಿ ಕೊಳ್ಳುವವರಿಗೆ ನನ್ನದೊಂದು ಮಾತು: ಮೊದಲು ಗಂಟು ಯಾರದೆಂದು ಕೇಳಿ, ಆಮೇಲೆ ಜರಿಯಿರಿ.

ಕೆಳಗೆ ಕಂಡಕ್ಟರ್ ಎರಡನೇ ಚಹಾ ಹೇಳಿದ. ನನ್ನ ಮಡಿಲಲ್ಲಿ ಒಂದು ಮರಿ ಇನ್ನೊಂದರ ಕಡೆಗೆ ಮೆಲ್ಲಗೆ ಕತ್ತು ತಿರುಗಿಸಿತು.